ರಾತ್ರಿ 24:35ರ ಬಸ್

ಇಯರ್‌ಫೋನ್ ಹಾಕ್ಕೊಂಡು ಬಸ್‌ನಲ್ಲೇ ಕೂತು ಕೇಳ್ತಿದ್ದೀರಾ? ಹಾಗಾದ್ರೆ ಇವತ್ತಿನ ಎಪಿಸೋಡ್ ನಿಮಗೇ.

ಕೆಲವು ತಿಂಗಳ ಹಿಂದೆ, ಒಂದು ಭಾನುವಾರ ರಾತ್ರಿ, ಊರಿಂದ ವಾಪಸ್ ಬಂದು ಸ್ಟಾಪ್‌ನಲ್ಲಿ ನಿಂತಿದ್ದೆ. ಟೈಮ್ 12:20. 12:35ಕ್ಕೆ ಬಸ್ ಇದೆ ಅಂತ ಆ್ಯಪ್ ತೋರಿಸ್ತಿತ್ತು. 12:35 ಆಯ್ತು, ಒಂದು ಗಂಟೆ ಆಯ್ತು, ಬಸ್ ಇಲ್ಲ. ಟೀ ಗಾಡಿ ಮುಚ್ತಿದ್ದ ಯಜಮಾನ್ರು, "ಅದು ಸೋಮವಾರದಿಂದ ಶುಕ್ರವಾರ ರಾತ್ರಿ ಮಾತ್ರ ಕಣಪ್ಪ, ಭಾನುವಾರ ಎಲ್ಲಿ ಬರುತ್ತೆ" ಅಂದ್ರು. ಆಟೋದವರು ಕೇಳಿದಷ್ಟು ಕೊಟ್ಟು ಮನೆ ಸೇರಿದೆ. ನಂದು ಹೇಗೋ ನಡೀತು. ಶಿಫ್ಟ್ ಮುಗಿಸ್ಕೊಂಡು ಆ್ಯಪ್ ನಂಬಿ ಒಬ್ಬಳೇ ನಿಂತಿರೋ ಹುಡುಗಿಗೆ ಹೀಗಾದ್ರೆ?

ಸರಿ, ಬಸ್ ಇದೆ ಅಂತ ಆ್ಯಪ್‌ಗೆ ಹೇಳಿದ್ದು ಯಾರು?

ಒಂದು ಟೆಕ್ಸ್ಟ್ ಫೈಲ್. ನಿಜವಾಗ್ಲೂ ಅಷ್ಟೇ. ಅಮೆರಿಕದ ಪೋರ್ಟ್‌ಲ್ಯಾಂಡ್ ಊರಿನ ಸಾರಿಗೆ ಸಂಸ್ಥೆ ಟ್ರೈಮೆಟ್‌ನಲ್ಲಿ ಬಿಬಿಯಾನಾ ಮೆಕ್‌ಹ್ಯೂ ಅನ್ನೋರು ಐಟಿ ವಿಭಾಗದಲ್ಲಿದ್ರು. ಕಾರಿಗೆ ದಾರಿ ಹುಡುಕೋದು ಇಷ್ಟು ಸುಲಭ, ಬಸ್ಸಿಗೆ ಯಾಕೆ ಇಷ್ಟು ಕಷ್ಟ ಅನ್ನೋದು ಅವರ ತಕರಾರು. ಗೂಗಲ್‌ನ ಕ್ರಿಸ್ ಹ್ಯಾರೆಲ್‌ಸನ್ ಜೊತೆ ಸೇರಿ 2005ರಲ್ಲಿ ಬಸ್ ವೇಳಾಪಟ್ಟಿ ಬರೆಯೋಕೆ ಒಂದು ಸರಳ ಪದ್ಧತಿ ಮಾಡಿದ್ರು. ಅದೇ ಇವತ್ತಿನ ಜಿಟಿಎಫ್‌ಎಸ್. ಆಗ ಆ 'ಜಿ' ಅಂದ್ರೆ ಗೂಗಲ್, ಈಗ ಜನರಲ್. ನಮ್ಮ ಕಡೆ ಕೊಚ್ಚಿ ಮೆಟ್ರೊ 2018ರಲ್ಲಿ ತನ್ನ ವೇಳಾಪಟ್ಟಿಯನ್ನ ಇದೇ ರೂಪದಲ್ಲಿ ಎಲ್ಲರಿಗೂ ತೆರೆದಿಟ್ಟಿತು.

ಒಂದು ಜಿಪ್ ಫೈಲ್, ಅದರೊಳಗೆ ಅಲ್ಪವಿರಾಮ ಹಾಕಿ ಬರೆದ ಪಟ್ಟಿಗಳು. ಸ್ಟಾಪ್‌ಗಳದ್ದು ಒಂದು, ರೂಟ್‌ಗಳದ್ದು ಒಂದು, ಟ್ರಿಪ್‌ಗಳದ್ದು ಒಂದು, ಯಾವ ಟ್ರಿಪ್ ಯಾವ ಸ್ಟಾಪ್‌ಗೆ ಎಷ್ಟೊತ್ತಿಗೆ ಅನ್ನೋದು ಇನ್ನೊಂದು, ಯಾವ ವಾರ ಓಡುತ್ತೆ ಅನ್ನೋ ಕ್ಯಾಲೆಂಡರ್ ಮತ್ತೊಂದು. ಬಿಕಾಂ ಓದಿದ ನನಗೆ ಇದು ನೋಡಿದ ತಕ್ಷಣ ಎಕ್ಸೆಲ್ ಶೀಟ್ ಅನ್ನಿಸ್ತು. ಅಲ್ಲೇ ಇರೋದು ಅಪಾಯ. ಎಕ್ಸೆಲ್‌ನಲ್ಲಿ ತೆಗೆದು ಸೇವ್ ಮಾಡಿ ನೋಡಿ, '0457' ಅನ್ನೋ ಸ್ಟಾಪ್ ನಂಬರ್ '457' ಆಗಿರುತ್ತೆ. ಇನ್ನೊಂದು ಫೈಲಲ್ಲಿ 0457 ಹಾಗೇ ಇರುತ್ತೆ. ಇಬ್ಬರಿಗೂ ಪರಿಚಯವೇ ಇಲ್ಲ.

ಅದಕ್ಕೇ ಬೇಕಾಗೋದು ಲೈಬ್ರರಿ. ಪುಸ್ತಕದ್ದಲ್ಲ, ಕೋಡಿಂದು. ಬೇರೆಯವರು ಬರೆದಿಟ್ಟ ಕೋಡ್, ನಿಮ್ಮ ಪ್ರೋಗ್ರಾಂಗೆ ಕರೆದುಕೊಂಡ್ರೆ ಆಯ್ತು. ಗೂಗಲ್ ಪೈಥಾನ್‌ನಲ್ಲಿ ಬರೆದು ಬಿಟ್ಟಿ ಬಿಟ್ಟಿದ್ದ 'ಟ್ರಾನ್ಸಿಟ್‌ಫೀಡ್' ಅಂಥದ್ದು. ಓದುತ್ತೆ, ತಪ್ಪು ಹಿಡಿಯುತ್ತೆ, ಹೊಸದಾಗಿ ಬರೆದೂ ಕೊಡುತ್ತೆ. ಹತ್ತು ಬಸ್ ಇರೋ ಸಣ್ಣ ಕಂಪನಿಯವರು ಸ್ಟಾಪ್ ಸೇರಿಸು, ರೂಟ್ ಸೇರಿಸು, ಟ್ರಿಪ್ ಸೇರಿಸು ಅಂತ ಕೆಲವೇ ಸಾಲು ಬರೆದ್ರೆ ಸರಿಯಾದ ಜಿಪ್ ಫೈಲ್ ರೆಡಿ. ಈಗ ಅದರ ತಪಾಸಣೆ ಕೆಲಸವನ್ನ ಮೊಬಿಲಿಟಿಡೇಟಾ ಸಂಸ್ಥೆಯ ಹೊಸ ಟೂಲ್ ಮಾಡುತ್ತೆ.

ತಪ್ಪು ಹಿಡಿಯೋದ್ರಲ್ಲಿ ಇವು ಜೋರು. ಬೆಂಗಳೂರಿನ ಅಕ್ಷಾಂಶ ಸುಮಾರು 12.97, ರೇಖಾಂಶ 77.59. ಟೈಪ್ ಮಾಡೋರು ಒಂದು ಸ್ಟಾಪ್‌ಗೆ ಅದಲು ಬದಲು ಹಾಕಿದ್ರು ಅಂದ್ಕೊಳ್ಳಿ. ಆ ಸ್ಟಾಪ್ ನಾರ್ವೆಯ ಸ್ವಾಲ್ಬಾರ್ಡ್ ಹತ್ತಿರ ಹೋಗಿ ಬೀಳುತ್ತೆ, ಹಿಮಕರಡಿ ಇರೋ ಜಾಗ! ಎರಡು ಸ್ಟಾಪ್ ನಡುವಿನ ದೂರ, ಸಮಯ ಲೆಕ್ಕ ಹಾಕಿ, "ಈ ಬಸ್ ಇಷ್ಟು ಸ್ಪೀಡಲ್ಲಿ ಹೋಗೋಕೆ ಸಾಧ್ಯವಿಲ್ಲ" ಅಂತ ಲೈಬ್ರರಿ ಎಚ್ಚರಿಸುತ್ತೆ. 457ರ ಎಡವಟ್ಟೂ ಸಿಕ್ಕಿಬೀಳುತ್ತೆ.

ಈಗ ನನ್ನ ಭಾನುವಾರಕ್ಕೆ ಬರೋಣ. ಜಿಟಿಎಫ್‌ಎಸ್‌ನಲ್ಲಿ ದಿನ ಮಧ್ಯರಾತ್ರಿಗೆ ಮುಗಿಯಲ್ಲ, ಸರ್ವೀಸ್ ಮುಗಿದಾಗ ಮುಗಿಯುತ್ತೆ. ಶುಕ್ರವಾರ ರಾತ್ರಿಯ 12:35ರ ಬಸ್ ಶುಕ್ರವಾರದ್ದೇ, ಅದನ್ನ 24:35 ಅಂತ ಬರೀಬೇಕು. ಲೈಬ್ರರಿ ಇದನ್ನ 88,500 ಸೆಕೆಂಡ್ ಅಂತ ಲೆಕ್ಕ ಇಟ್ಕೊಳ್ಳುತ್ತೆ, ಗೊಂದಲ ಇಲ್ಲ. ಆದ್ರೆ ಗಡಿಯಾರದಲ್ಲಿ 24:35 ಎಲ್ಲಿರುತ್ತೆ ಅಂತ ಯಾರೋ 00:35 ಅಂತ 'ಸರಿ' ಮಾಡಿದ್ರೆ? ಸೋಮವಾರದ ಬಸ್ ಸೋಮವಾರ ಶುರುವಾದ 35ನೇ ನಿಮಿಷಕ್ಕೇ ಬಂದು ಕೂರುತ್ತೆ. ಅಂದ್ರೆ ನಮ್ಮ ನಿಮ್ಮ ಲೆಕ್ಕದಲ್ಲಿ ಭಾನುವಾರ ರಾತ್ರಿ. ಶುಕ್ರವಾರ ರಾತ್ರಿ ನಿಜವಾಗಿ ಬರೋ ಬಸ್ ಆ್ಯಪ್‌ನಲ್ಲಿ ಮಾಯ. ನನಗಾಗಿದ್ದು ಈ ಅಚ್ಚಿಗೆ ಸರಿಯಾಗಿ ಕೂರುತ್ತೆ.

ಲೈಬ್ರರಿ ಇದನ್ನ ಹಿಡಿಯಲ್ವಾ? ಟ್ರಿಪ್ 23:50ಕ್ಕೆ ಹೊರಟು 00:35ಕ್ಕೆ ಮುಂದಿನ ಸ್ಟಾಪ್ ಮುಟ್ಟಿದ್ರೆ ಸಮಯ ಹಿಂದೆ ಹೋಯ್ತು ಅಂತ ಹಿಡಿಯುತ್ತೆ. ಹೊರಡೋದೇ 00:35ಕ್ಕೆ ಆದ್ರೆ ಅದರ ಕಣ್ಣಿಗೆ ಎಲ್ಲಾ ಸರಿ. ಕಾಮರ್ಸ್‌ನವರಿಗೆ ಥಟ್ಟಂತ ಹೊಳೀಬೇಕು, ಇದು ನಮ್ಮ ಟ್ರಯಲ್ ಬ್ಯಾಲೆನ್ಸ್! ಎರಡೂ ಕಡೆ ಟ್ಯಾಲಿ ಆಯ್ತು ಅಂದ ಮಾತ್ರಕ್ಕೆ ಪುಸ್ತಕ ಸರಿ ಇದೆ ಅಂತಲ್ಲ, ರಮೇಶನ ದುಡ್ಡು ಸುರೇಶನ ಖಾತೆಗೆ ಹೋಗಿದ್ರೂ ಟ್ಯಾಲಿ ಆಗುತ್ತೆ. ಡಿಪೋದಲ್ಲಿ ಕಾಗದದ ಶೆಡ್ಯೂಲ್ ಹಿಡ್ಕೊಂಡು ಸಾಲು ಸಾಲು ನೋಡೋ ಒಬ್ಬ ಮನುಷ್ಯ ಬೇಕೇ ಬೇಕು, ಆ ಕೆಲಸಕ್ಕೆ ಸಂಬಳ ಕೊಟ್ಟು ಇಟ್ಕೊಳ್ಳೋದು ದುಂದು ವೆಚ್ಚ ಅಲ್ಲ ಅಂತ ನನ್ನ ಅಭಿಪ್ರಾಯ.

ಆ್ಯಪ್‌ನವರಿಗೆ ನಾನು ದೂರು ಬರೆದಾಗ ದಿನ, ರೂಟ್ ನಂಬರ್, ಸ್ಟಾಪ್ ಹೆಸರು, ಸ್ಕ್ರೀನ್‌ಶಾಟ್ ನಾಲ್ಕೂ ಹಾಕಿದ್ದೆ. ನೀವೂ ಹಾಗೇ ಮಾಡಿ, 'ಬಸ್ ಬರಲಿಲ್ಲ' ಅಂತ ಮಾತ್ರ ಬರೆದ್ರೆ ಅವರಿಗೆ ಯಾವ ಸಾಲು ಅಂತ ಸಿಗಲ್ಲ. ಮುಂದಿನ ಎಪಿಸೋಡ್‌ನಲ್ಲಿ, ಬಸ್ ಈಗ ಎಲ್ಲಿದೆ ಅಂತ ಮ್ಯಾಪ್ ಮೇಲೆ ಓಡಾಡೋ ಆ ಚುಕ್ಕಿ ಬಗ್ಗೆ ಮಾತಾಡೋಣ.