ಕೋಷ್ಟಕದ ತಲೆಬರಹ

ಅಂಕಪಟ್ಟಿಯಲ್ಲಿರುವ 45 ಎಂಬ ಸಂಖ್ಯೆಗೆ ಅರ್ಥ ಬರುವುದು ಮೇಲಿರುವ ವಿಷಯದ ಹೆಸರಿನಿಂದ, ಎಡಗಡೆಯ ವಿದ್ಯಾರ್ಥಿಯ ಹೆಸರಿನಿಂದ. ಕಣ್ಣುಳ್ಳವರು ಇವನ್ನು ಒಂದೇ ನೋಟದಲ್ಲಿ ಕೂಡಿಸಿಕೊಳ್ಳುತ್ತಾರೆ. ಆದರೆ ಗಣಕಯಂತ್ರವು ಓದಿಹೇಳುವುದನ್ನು ಕೇಳಿ ತಿಳಿಯಬೇಕಾದ ಅಂಧ ವಾಚಕರ ಗತಿಯೇನು?

ಎಚ್‌ಟಿಎಂಎಲ್ ಎಂಬ ಗುರುತುಭಾಷೆಯಲ್ಲಿ ಇದಕ್ಕೆ ಉಪಾಯವುಂಟು. 'ಟೇಬಲ್' ಎಂಬ ಗುರುತು ಇಡೀ ಕೋಷ್ಟಕವನ್ನೂ, 'ಟಿಆರ್' ಒಂದೊಂದು ಅಡ್ಡಸಾಲನ್ನೂ, 'ಟಿಡಿ' ಒಂದೊಂದು ಮನೆಯನ್ನೂ ಸೂಚಿಸುತ್ತವೆ. ತಲೆಬರಹದ ಮನೆಗೆ ಮಾತ್ರ 'ಟಿಎಚ್' ಎಂಬ ಬೇರೆ ಗುರುತು. ಆ ತಲೆಬರಹವು ಕಂಬಸಾಲಿಗೋ ಅಡ್ಡಸಾಲಿಗೋ ಎಂಬುದನ್ನು 1997ರ ಆವೃತ್ತಿಯಲ್ಲಿ ಸೇರಿದ 'ಸ್ಕೋಪ್' ತಿಳಿಸುತ್ತದೆ.

ತಲೆಬರಹವನ್ನೂ 'ಟಿಡಿ'ಯಲ್ಲಿಯೇ ಬರೆದು ಅಕ್ಷರವನ್ನು ದಪ್ಪಗೊಳಿಸಿದರೆ ಕಣ್ಣಿಗೆ ವ್ಯತ್ಯಾಸ ಕಾಣದು. ಕಿವಿಗೋ ಬರಿಯ ಸಂಖ್ಯೆಗಳ ಸರಮಾಲೆ. ಸರಿಯಾಗಿ ಗುರುತಿಸಿದರೆ ಯಂತ್ರವು "ಇತಿಹಾಸ, 45" ಎಂದು ಓದಬಲ್ಲದು. ಆದುದರಿಂದ ಈ ಗುರುತು ಅಲಂಕಾರಕ್ಕಲ್ಲ, ಅರ್ಥಕ್ಕೆ.