ನಿಮಗಿದು ಗೊತ್ತೇ? ಒಗೆತಕ್ಕೆ ಬಲಿಯಾಗುವ ಸ್ವೆಟರ್‌ಗಳು

ಕುರಿಯ ಉಣ್ಣೆ, ನಮ್ಮ ತಲೆಗೂದಲು, ಉಗುರು ಎಲ್ಲವೂ ಕೆರಾಟಿನ್ ಎಂಬ ಪ್ರೋಟೀನಿನಿಂದಲೇ ಆದವು. ಸ್ವಂತ ತಲೆಗೆ ಹಾಕಿಕೊಳ್ಳಲು ಹೆದರುವ ಯಾವುದನ್ನೂ ಉಣ್ಣೆಯ ಸ್ವೆಟರಿಗೆ ಹಾಕಬೇಡಿ. ಕುದಿನೀರು, ವಾಷಿಂಗ್ ಸೋಡಾ, ಗಡಸು ಬ್ರಷ್ಷು, ಎಲ್ಲವೂ ದೂರವಿರಲಿ.

ಕ್ಲೋರಿನ್ ಬ್ಲೀಚು ಹತ್ತಿಯ ಬನಿಯನ್ನನ್ನು ಬೆಳ್ಳಗಾಗಿಸುತ್ತದೆ. ಅದೇ ಬ್ಲೀಚು ಉಣ್ಣೆಯ ನೂಲನ್ನು ಕರಗಿಸಿಬಿಡುತ್ತದೆ!

ಕಲೆ ತೆಗೆಯುವ ಹಲವು ಡಿಟರ್ಜೆಂಟುಗಳಲ್ಲಿ ಪ್ರೋಟಿಯೇಸ್ ಎಂಬ ಕಿಣ್ವ ಇರುತ್ತದೆ. ರಕ್ತ, ಹಾಲು, ಮೊಟ್ಟೆಯ ಕಲೆಗಳಲ್ಲಿರುವ ಪ್ರೋಟೀನನ್ನು ಒಡೆಯುವುದೇ ಅದರ ಕೆಲಸ. ಉಣ್ಣೆ, ರೇಷ್ಮೆ ಕೂಡ ಪ್ರೋಟೀನೇ ಆದ್ದರಿಂದ ಕಲೆಯ ಜೊತೆಗೆ ಬಟ್ಟೆಯೂ ಸವೆಯುತ್ತದೆ. ಅಂಟುವಾಳದ ನೊರೆ ಬರುವುದು ಸಪೋನಿನ್‌ನಿಂದ. ಅದರಲ್ಲಿ ಈ ಕಿಣ್ವವೂ ಇಲ್ಲ, ಬಟ್ಟೆಸೋಪಿನ ಕ್ಷಾರವೂ ಇಲ್ಲ. ರೇಷ್ಮೆ ಸೀರೆಗೆ ಅಜ್ಜಿಯರು ಅದನ್ನು ಆರಿಸಿಕೊಂಡದ್ದು ಎಷ್ಟು ಸರಿ!

ಸ್ವೆಟರ್ ಕುಗ್ಗುವುದಕ್ಕೆ ಬಿಸಿನೀರೊಂದೇ ಕಾರಣವಲ್ಲ. ಉಣ್ಣೆಯ ಪ್ರತಿ ಎಳೆಯ ಮೇಲೂ ಮಾಡಿಗೆ ಹೆಂಚು ಹೊದಿಸಿದಂತೆ ಸೂಕ್ಷ್ಮ ಹುರುಪೆಗಳಿವೆ, ಎಲ್ಲವೂ ತುದಿಯ ಕಡೆಗೇ ಮುಖಮಾಡಿವೆ. ನೀರು, ಶಾಖ, ತಿಕ್ಕಾಟ ಸೇರಿದಾಗ ಎಳೆ ಒಂದು ದಿಕ್ಕಿಗೆ ಸುಲಭವಾಗಿ ಜಾರುತ್ತದೆ, ಹಿಂದಿರುಗಲು ಮಾತ್ರ ಹುರುಪೆಗಳು ಬಿಡುವುದಿಲ್ಲ. ಜಾರಿದಷ್ಟೂ ಎಳೆಗಳು ಒಂದಕ್ಕೊಂದು ತೊಡರಿ, ಬಟ್ಟೆ ಗಿಡ್ಡವಾಗಿ ದಪ್ಪಗಟ್ಟುತ್ತದೆ. ಮಂಗೋಲಿಯದ ಅಲೆಮಾರಿಗಳು ಬೇಕೆಂದೇ ಹೀಗೆ ಮಾಡಿ ಗುಡಾರಕ್ಕೆ ಹೊದಿಕೆ ತಯಾರಿಸುತ್ತಾರೆ. ನಮ್ಮ ವಾಷಿಂಗ್ ಮೆಷಿನ್ನು ನಮಗೆ ಬೇಡವಾದರೂ ಅದನ್ನೇ ಮಾಡುತ್ತದೆ. ಪೂರ್ತಿ ದಪ್ಪಗಟ್ಟಿದ ಮೇಲೆ ಅದನ್ನು ಮೊದಲಿನಂತಾಗಿಸುವ ಉಪಾಯವಿಲ್ಲ. ಹಾಗಾಗಿ ನೀರು 30 ಡಿಗ್ರಿ ಸೆಲ್ಸಿಯಸ್ ಮೀರದಿರಲಿ. ಒತ್ತಿ ಬಿಡಿ, ಉಜ್ಜಬೇಡಿ.

‘ಮೆಷಿನ್‌ನಲ್ಲಿ ಒಗೆಯಬಹುದು’ ಎಂದು ಬರೆದ ಉಣ್ಣೆಯೂ ಸಿಗುತ್ತದೆ. ಸಾಮಾನ್ಯವಾಗಿ ಅದರ ಹುರುಪೆಗಳನ್ನು ಮೊದಲೇ ಸವೆಸಿ, ಮೇಲೆ ತೆಳು ಪಾಲಿಮರ್ ಲೇಪಿಸಿರುತ್ತಾರೆ.

ಒದ್ದೆಯಾದರೆ ಹತ್ತಿ ನೂಲಿನ ಬಲ ಹೆಚ್ಚುತ್ತದೆ, ಉಣ್ಣೆ ಮತ್ತು ರೇಷ್ಮೆಯದು ತಗ್ಗುತ್ತದೆ. ಒದ್ದೆ ಸ್ವೆಟರನ್ನು ಹಿಂಡಿ ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ತೋಳು ಮೊಣಕಾಲಿಗೆ ಇಳಿಯುತ್ತದೆ. ಒಣ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಮಟ್ಟಸವಾಗಿ ಹರಡಿ. ನೆರಳು ಏಕೆಂದರೆ, ಬಿಸಿಲಿನ ಅತಿನೇರಳೆ ಕಿರಣಕ್ಕೆ ಬಿಳಿ ಉಣ್ಣೆ ಹಳದಿಯಾಗುತ್ತದೆ.

ಉಣ್ಣೆ ತನ್ನ ತೂಕದ ಸುಮಾರು 30% ತೇವವನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಹೀರುವಾಗ ತುಸು ಶಾಖವನ್ನೂ ಹೊರಬಿಡುತ್ತದೆ. ಚಳ್ಳಕೆರೆ, ಮೆಡ್ಲೇರಿ ಕಡೆಯ ಕರಿ ಕಂಬಳಿ ಹೊದ್ದು ಕುರುಬರು ಮಳೆಯಲ್ಲೂ ಕುರಿ ಕಾಯುವುದಕ್ಕೆ ಈ ಗುಣದ ನೆರವಿದೆ. ಕಂಬಳಿ ನೇಯ್ದದ್ದು, ಸ್ವೆಟರ್ ಹೆಣೆದದ್ದು. ಎಳೆಯ ಸ್ವಭಾವ ಒಂದೇ. ಬೆವರಿನ ತೇವವನ್ನು ಎಳೆಯೊಳಗೆ ಹಿಡಿದಿಡುವುದರಿಂದ ಸ್ವೆಟರನ್ನು ತೊಟ್ಟಾಗಲೆಲ್ಲ ಒಗೆಯಬೇಕಿಲ್ಲ. ರಾತ್ರಿ ಗಾಳಿಗೆ ಹರಡಿದರೆ ಬಹುಪಾಲು ವಾಸನೆ ಹೋಗುತ್ತದೆ.

ಚಳಿಗಾಲದ ಮಾರುಕಟ್ಟೆಯಲ್ಲಿ ‘ವುಲನ್’ ಎಂದು ಮಾರುವ ಅನೇಕ ಸ್ವೆಟರ್‌ಗಳು ಅಕ್ರಿಲಿಕ್‌ನವು. ಒಳಗಿನಿಂದ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಕಪ್ಪು ಮಣಿಯಾಗುತ್ತದೆ. ಅಕ್ರಿಲಿಕ್ ಕೂಡ ಒಳ್ಳೆಯದೇ, ಬಿಸಿ ಇಸ್ತ್ರಿಯೊಂದು ಅದಕ್ಕೆ ಆಗದು.

ಸ್ವೆಟರಿನ ಮೇಲೆ ಉಂಡೆ ಏಳುವುದು ನೂಲಿನಿಂದ ಹೊರಬಂದ ಗಿಡ್ಡ ಎಳೆಗಳು ಸುತ್ತಿಕೊಳ್ಳುವುದರಿಂದ. ಶುದ್ಧ ಉಣ್ಣೆಯಲ್ಲಿ ಅವು ಕಾಲಕ್ರಮೇಣ ಉದುರುತ್ತವೆ. ಪಾಲಿಯೆಸ್ಟರ್ ಬೆರೆತಿದ್ದರೆ ಗಟ್ಟಿ ಎಳೆ ಉಂಡೆಯನ್ನು ಹಿಡಿದುಕೊಂಡೇ ಇರುತ್ತದೆ.

ಉಣ್ಣೆಗೆ ತೂತು ಕೊರೆಯುವುದು ಕಪಾಟಿನಲ್ಲಿ ಹಾರಾಡುವ ಪತಂಗವಲ್ಲ. ಬೆಳೆದ ಬಟ್ಟೆ ಪತಂಗಕ್ಕೆ ತಿನ್ನಲು ಬಾಯೇ ಇಲ್ಲ, ತಿನ್ನುವುದೆಲ್ಲ ಅದರ ಮರಿಹುಳು. ಬೆವರು, ಸಾರಿನ ಹನಿ ಮೆತ್ತಿದ ಜಾಗವೆಂದರೆ ಅದಕ್ಕೆ ಇನ್ನೂ ಇಷ್ಟ. ಕಪಾಟಿಗೆ ಸೇರಿಸುವ ಮುನ್ನ ಒಗೆದು ಚೆನ್ನಾಗಿ ಒಣಗಿಸುವುದೇ ದೊಡ್ಡ ಕಾವಲು. ಹುಳು ಹತ್ತಿದೆ ಎಂಬ ಅನುಮಾನವಿದ್ದರೆ ಗಾಳಿಯಾಡದ ಚೀಲದಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ.

ನುಸಿಗುಳಿಗೆಯ ವಿಷಯದಲ್ಲಿ ದಯವಿಟ್ಟು ಎಚ್ಚರ. ಮಗುವಿನ ಕುಲಾವಿ, ಕಾಲುಚೀಲ, ಶಾಲುಗಳ ನಡುವೆ ನ್ಯಾಫ್ತಲೀನ್ ಗುಳಿಗೆ ಇಡಲೇಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಅದರ ಆವಿಯೇ ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು. ಕೊರತೆ ಇರುವುದು ಎಷ್ಟೋ ಮನೆಗಳಲ್ಲಿ ಮೊದಲೇ ತಿಳಿದಿರುವುದಿಲ್ಲ. ಈ ಗುಳಿಗೆಯ ಜೊತೆ ಇಟ್ಟಿದ್ದ ಬಟ್ಟೆಯಿದ್ದರೆ ಮಗುವಿನ ಹತ್ತಿರ ತರಬೇಡಿ.

ಲೇಬಲ್ಲಿನ ಮೇಲೆ ನೀರಿನ ತೊಟ್ಟಿಯಲ್ಲಿ ಕೈ ಅದ್ದಿದ ಚಿತ್ರವಿದ್ದರೆ ಕೈಯಲ್ಲೇ ಒಗೆಯಿರಿ ಎಂದರ್ಥ. ಚೌಕದೊಳಗೆ ಒಂದು ಅಡ್ಡಗೆರೆ ಇದ್ದರೆ ಹರಡಿ ಒಣಗಿಸಿ.

ಮಗ ಬೆಳೆದು ಸ್ವೆಟರ್ ಗಿಡ್ಡವಾದರೆ ಅದನ್ನು ಬಿಚ್ಚಿ ಮತ್ತೆ ಹೆಣೆಯುವ ಪದ್ಧತಿ ಎಷ್ಟೋ ಮನೆಗಳಲ್ಲಿತ್ತು. ಬಿಚ್ಚಿದ ನೂಲು ಸುರುಳಿಸುರುಳಿಯಾಗಿರುತ್ತದೆ. ಅದನ್ನು ಲಡಿ ಕಟ್ಟಿ, ಬೆಚ್ಚನೆಯ ನೀರಿನಲ್ಲಿ ನೆನೆಸಿ, ನೇತುಹಾಕಿ ಒಣಗಿಸಿದರೆ ನೇರವಾಗುತ್ತದೆ. ಅಂಗಡಿಯಲ್ಲಿ ಕೊಂಡದ್ದನ್ನು ಬಿಚ್ಚುವ ಮೊದಲು ಒಳಮಗ್ಗುಲಿನ ಹೊಲಿಗೆ ನೋಡಿಕೊಳ್ಳಿ. ಅಂಚಿನಲ್ಲಿ ಓವರ್‌ಲಾಕ್ ಹೊಲಿಗೆಯಿದ್ದರೆ ಅದು ಬಟ್ಟೆಯನ್ನು ಕತ್ತರಿಸಿ ಹೊಲಿದದ್ದು. ಎಳೆದರೆ ಸಿಗುವುದು ಮೊಳದುದ್ದದ ತುಂಡುಗಳಷ್ಟೇ.