ಔಷಧದ ಎರಡು ಹೆಸರುಗಳು

ರೋಣ ತಾಲೂಕಿನ ಜಕ್ಕಲಿಯು ಕರ್ನಾಟಕದ ಏಕೀಕರಣಕ್ಕಾಗಿ ದುಡಿದ ಅಂದಾನಪ್ಪ ದೊಡ್ಡಮೇಟಿಯವರ ಊರು. ಹೆಸರೆಂಬುದು ಎಷ್ಟು ದೊಡ್ಡ ಸಂಗತಿಯೆಂದು ಅಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1956ರಲ್ಲಿ ಒಂದುಗೂಡಿದ ನಾಡು 1973ರ ವರೆಗೆ ಮೈಸೂರೆಂಬ ಹೆಸರನ್ನೇ ಹೊತ್ತಿದ್ದು, ಆ ವರ್ಷದ ನವೆಂಬರ 1ರಂದು ಕರ್ನಾಟಕವೆನಿಸಿತು. ನೆಲವು ಅದೇ, ಹೆಸರು ಮಾತ್ರ ಬೇರೆ.

ಔಷಧಗಳಲ್ಲಿಯೂ ಹೀಗುಂಟು. ರೋಗದ ಮೇಲೆ ಕೆಲಸಮಾಡುವ ಮೂಲದ್ರವ್ಯಕ್ಕೆ ಜಗತ್ತಿಗೆಲ್ಲ ಸಲ್ಲುವ ಒಂದು ಹೆಸರು. ತಯಾರಿಸುವ ಕಂಪನಿಯು ಇಟ್ಟುಕೊಂಡ ವ್ಯಾಪಾರದ ಹೆಸರು ಇನ್ನೊಂದು. ಕ್ಯಾನ್ಸರ್ ಎಂಬ ಅರ್ಬುದರೋಗವು ಹೊಕ್ಕ ಮನೆಯವರು ಈ ಭೇದವನ್ನು ಅವಶ್ಯವಾಗಿ ಅರಿತಿರತಕ್ಕದ್ದು.

ರಕ್ತದ ಒಂದು ಬಗೆಯ ಕ್ಯಾನ್ಸರಿಗೆ ಕೊಡುವ ಇಮಾಟಿನಿಬ್ ಎಂಬ ಔಷಧವನ್ನೇ ನೋಡಿರಿ. ನೊವಾರ್ಟಿಸ್ ಕಂಪನಿಯು ಅದನ್ನು ಗ್ಲಿವೆಕ್ ಎಂದೂ, ಹೈದರಾಬಾದಿನ ನ್ಯಾಟ್ಕೊ ಕಂಪನಿಯು ವೀನಾಟ್ ಎಂದೂ ಮಾರಿದವು. ಹುಬ್ಬಳ್ಳಿಯಲ್ಲಿ ಒಂದು ಹೆಸರಿನ ಮಾತ್ರೆ ಪಡೆದ ರೋಗಿಗೆ ಬೆಂಗಳೂರಿನಲ್ಲಿ ಮತ್ತೊಂದು ಹೆಸರಿನದು ದೊರೆಯಬಹುದು. ಇದು ಬೇರೆ ಔಷಧವೆಂದು ಬಗೆದು ಎರಡನ್ನೂ ನುಂಗಿದರೆ ಪ್ರಮಾಣವು ಇಮ್ಮಡಿಯಾಗುವದು. ತಪ್ಪು ಔಷಧವೆಂದು ಶಂಕಿಸಿ ಬಿಟ್ಟರೆ ಚಿಕಿತ್ಸೆಯೇ ನಿಲ್ಲುವದು. ಎರಡೂ ಅಪಾಯವೇ.

ಹೆಸರಿನೊಡನೆ ಹಣದ ಮಾತೂ ಬೆಸೆದುಕೊಂಡಿದೆ. ಯಕೃತ್ತು, ಮೂತ್ರಪಿಂಡಗಳ ಕ್ಯಾನ್ಸರಿಗೆ ಕೊಡುವ ಸೊರಾಫೆನಿಬ್ ಎಂಬುದು ಬೇಯರ್ ಕಂಪನಿಯ ನೆಕ್ಸಾವರ್ ಎಂಬ ಹೆಸರಿನಲ್ಲಿ ತಿಂಗಳಿಗೆ ಸುಮಾರು 2,80,000 ರೂಪಾಯಿ ಬೀಳುತ್ತಿತ್ತು. 2012ರ ಮಾರ್ಚಿಯಲ್ಲಿ ಭಾರತದ ಪೇಟೆಂಟ್ ಅಧಿಕಾರಿಗಳು ಅದನ್ನು ತಯಾರಿಸಲು ನ್ಯಾಟ್ಕೊಗೆ ಪರವಾನಿಗೆ ಕೊಟ್ಟು, 120 ಮಾತ್ರೆಗಳಿಗೆ 8,880 ರೂಪಾಯಿಗಿಂತ ಹೆಚ್ಚು ಕೊಳ್ಳಕೂಡದೆಂದು ವಿಧಿಸಿದರು. ಮೂಲದ್ರವ್ಯದ ಹೆಸರು ತಿಳಿದವನು ಮಾತ್ರ ಇಂಥ ಅಗ್ಗದ ಔಷಧವುಂಟೇ ಎಂದು ವೈದ್ಯರನ್ನು ಕೇಳಬಲ್ಲನು.

ಆದರೆ ಅರ್ಧ ಹೆಸರು ಸಾಲದು. ಸ್ತನದ ಕ್ಯಾನ್ಸರಿಗೆ ಬಳಸುವ ಟ್ರಾಸ್ಟುಜುಮಾಬ್ ಒಂದು ಔಷಧ. ಟ್ರಾಸ್ಟುಜುಮಾಬ್ ಎಮ್ಟಾನ್ಸಿನ್ ಬೇರೊಂದು. ಅವುಗಳ ಪ್ರಮಾಣಗಳೂ ಬೇರೆ. ಮೊದಲನೆಯದನ್ನು ಜೀವಕೋಶಗಳಿಂದ ತಯಾರಿಸುವರಾದ್ದರಿಂದ, ಬೆಂಗಳೂರಿನ ಬಯೋಕಾನಿನ ಕ್ಯಾನ್‌ಮ್ಯಾಬ್ ಮೂಲದ ಹರ್ಸೆಪ್ಟಿನ್ನಿಗೆ ಸದೃಶವೆನಿಸಿದೆಯೇ ಹೊರತು ಅಕ್ಷರಶಃ ಪ್ರತಿರೂಪವಲ್ಲ. ಆದುದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ನಿರ್ಣಯವು ವೈದ್ಯರದೇ ಆಗಿರಬೇಕು; ಅಂಗಡಿಯವರದಲ್ಲ, ನೆರೆಯವರದೂ ಅಲ್ಲ.

ಮೂಲದ್ರವ್ಯದ ಹೆಸರನ್ನು ಹುಡುಕುವದು ಕಷ್ಟವಲ್ಲ. 2018ರಲ್ಲಿ ಜಾರಿಗೆ ಬಂದ ನಿಯಮದಂತೆ, ಒಂದೇ ದ್ರವ್ಯದ ಔಷಧದ ಹೊದಿಕೆಯಲ್ಲಿ ಆ ಹೆಸರನ್ನು ವ್ಯಾಪಾರದ ಹೆಸರಿಗಿಂತ ದೊಡ್ಡ ಅಕ್ಷರಗಳಲ್ಲಿ ಮುದ್ರಿಸತಕ್ಕದ್ದು. ಮನೆಯಲ್ಲೊಂದು ವಹಿಯಿರಲಿ. ಅದರಲ್ಲಿ ಮೂಲದ್ರವ್ಯದ ಪೂರ್ಣ ಹೆಸರು, ಮಿಲಿಗ್ರಾಮಿನ ಲೆಕ್ಕ, ಮಾತ್ರೆಯೋ ಸೂಜಿಮದ್ದೋ ಎಂಬುದು, ದಿನಕ್ಕೋ ವಾರಕ್ಕೋ ಎಷ್ಟು ಸಲವೆಂಬುದು ಬರೆದಿರಲಿ. ಹೊಸ ಪೊಟ್ಟಣವು ಬಂದಾಗಲೆಲ್ಲ ಹಳೆಯದರೊಡನೆ ಹೋಲಿಸಿ ನೋಡಿ, ಸಂದೇಹವಿದ್ದರೆ ನುಂಗುವ ಮೊದಲೇ ವೈದ್ಯರನ್ನು ಕೇಳಬೇಕು. ಊರು ಬದಲಾದರೂ, ಅಂಗಡಿ ಬದಲಾದರೂ ಆ ವಹಿಯು ರೋಗಿಯ ಜೊತೆಗೇ ಹೋಗಲಿ.